ಪದ್ಮಿನಿಯ ಸ್ಲೋ ನಿಲ್ಲಿಸೋಕೆ ಎರಡು ವರ್ಷ

ನನ್ನ 1989ರ ಪ್ರೀಮಿಯರ್ ಪದ್ಮಿನಿ ಈಗ ಉಣಕಲ್ ಹತ್ತಿರದ ಸಿಗ್ನಲ್‌ನಲ್ಲಿ ಎಕ್ಸಲೇಟರ್ ಮೇಲೆ ಕಾಲಿಡದೆಯೂ ಎಂಜಿನ್ ಬಂದ್ ಬೀಳದೆ ನಿಲ್ಲುತ್ತದೆ. ನಿಂತಲ್ಲಿ ಎಂಜಿನ್ ಹಾಗೆ ನಿಧಾನಕ್ಕೆ ಓಡೋದಕ್ಕೇ 'ಸ್ಲೋ' ಅನ್ನೋದು. ಇದಕ್ಕೆ ಎರಡು ವರ್ಷ ಹಿಡಿಯಿತು. "ರಿಂಗ್ ಹೋಗ್ಯಾವ್ರಿ ಸಾಹೇಬ್ರ, ಬೋರ್ ಮಾಡಿಸದ ಸ್ಲೋ ನಿಲ್ಲಂಗಿಲ್ಲ" ಅಂದ ಮೆಕ್ಯಾನಿಕ್‌ಗಳು ಒಬ್ಬರಲ್ಲ, ಮೂವರು. ಅಂದರೆ ಪಿಸ್ಟನ್ ರಿಂಗ್ ಸವೆದಿವೆ, ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸಬೇಕು ಅಂತ. ಒಬ್ಬರಂತೂ 38 ಸಾವಿರದ ಅಂದಾಜು ಚೀಟಿಯನ್ನೇ ಬರೆದುಕೊಟ್ಟಿದ್ದರು. ಅದನ್ನು ಇನ್ನೂ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಿದ್ದೇನೆ.

ಮುಂಜಾನೆ ತಣ್ಣಗಿದ್ದಾಗ ಗಾಡಿ ಬಂಗಾರ. ಹುಬ್ಬಳ್ಳಿ ಬಿಟ್ಟು ನವಲೂರು ಬರೋಷ್ಟರಲ್ಲಿ ಕಾಯುತ್ತಿತ್ತು, ಧಾರವಾಡದ ಮೊದಲ ಸಿಗ್ನಲ್‌ಗೆ ಬಂದ್. ಎಲ್ಲರದೂ ಒಂದೇ ಔಷಧ: ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೋರೇಟರಿನ ಸ್ಲೋ ಸ್ಕ್ರೂ ಅರ್ಧ ಸುತ್ತು ಒಳಗೆ. ಹಾಗೆ ಏರಿಸಿ ಏರಿಸಿ ಸ್ಲೋ ನಿಮಿಷಕ್ಕೆ 1300 ಸುತ್ತಿಗೆ ಬಂತು. ಆಮೇಲೆ ಚಾವಿ ತೆಗೆದರೂ ಎಂಜಿನ್ ಕುಟುಕುಟು ಅಂತ ಓಡೋದು. ನಮ್ಮ ಓಣಿಯ ಹುಡುಗರಿಗೆ ಅದೊಂದು ಪುಕ್ಕಟೆ ಆಟ.

ಕಾರ್ಬೋರೇಟರಿನ ರಿಪೇರಿ ಕಿಟ್‌ಗೆ 550 ಹೋಯಿತು. ಪ್ಲಗ್, ಪಾಯಿಂಟ್, ಕಂಡೆನ್ಸರ್ ಸೇರಿ ಸುಮಾರು ಸಾವಿರ. 3,800 ಕೊಟ್ಟು ಡುಪ್ಲಿಕೇಟ್ ಕಾರ್ಬೋರೇಟರ್ ತಂದೆ, ಅದು ಮೊದಲ ದಿನವೇ ಪೆಟ್ರೋಲ್ ಸುರಿಸಿತು, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ನಡುವೆ ಬೈಕ್ ಮೆಕ್ಯಾನಿಕ್ ಒಬ್ಬ ಕೈ ಹಾಕಿದ. ಬೈಕಿನ ಏರ್ ಸ್ಕ್ರೂ ಬಿಚ್ಚಿದರೆ ಮಿಕ್ಸ್ಚರ್, ಅಂದರೆ ಗಾಳಿ-ಪೆಟ್ರೋಲ್ ಮಿಶ್ರಣ, ತೆಳುವಾಗುತ್ತದೆ, ಪೆಟ್ರೋಲ್ ಕಡಿಮೆ. ನಮ್ಮ ಸೋಲೆಕ್ಸ್ ಕಾರ್ಬೋರೇಟರಿನಲ್ಲಿ ಕೆಳಗಿರೋ ಮಿಕ್ಸ್ಚರ್ ಸ್ಕ್ರೂ ಬಿಚ್ಚಿದರೆ ದಪ್ಪ, ಪೆಟ್ರೋಲ್ ಜಾಸ್ತಿ. ಆತ ಇಡೀ ಮಧ್ಯಾಹ್ನ ಉಲ್ಟಾ ತಿರುವಿ, ಪ್ಲಗ್ ಕಪ್ಪು ಮಾಡಿ, 300 ತಗೊಂಡು ಹೋದ.

ಗುಟ್ಟು ಸಿಕ್ಕಿದ್ದು ಒಂದು ಭಾನುವಾರ. ಬೇಜಾರಾಗಿ ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ತಿರುವಿದೆ. ಎಂಜಿನ್ ಸಾಯಲೇ ಇಲ್ಲ! ಅಂದರೆ ಬಟರ್‌ಫ್ಲೈ (ಕಾರ್ಬೋರೇಟರಿನ ಗಾಳಿದಾರಿಯ ತಿರುಗೋ ಬಿಲ್ಲೆ) ಅಷ್ಟು ತೆರೆದು ಕೂತಿದೆ, ಗಾಡಿ ಮಿಕ್ಸ್ಚರ್ ಸ್ಕ್ರೂವಿನ ದಾರಿ ಬಿಟ್ಟು ಮೇಲಿನ ಬೈಪಾಸ್ ತೂತಿನಿಂದ ಪೆಟ್ರೋಲ್ ಕುಡಿಯುತ್ತಿದೆ. ಹಾಗಾದರೆ ಅಷ್ಟು ತೆರೆಯೋ ಅಗತ್ಯ ಯಾಕೆ ಬಂತು? ಎಲ್ಲೋ ಗಾಳಿ ಎಳೀತಿದೆ. ಆ ಜಾಗ ಹುಡುಕೋಕೆ ಬಿಸಿ ಮ್ಯಾನಿಫೋಲ್ಡ್ (ಎಂಜಿನ್‌ಗೆ ಮಿಶ್ರಣ ಒಯ್ಯೋ ಕೊಳವೆ) ಮೇಲೆ ಹೊತ್ತಿಕೊಳ್ಳೋ ಸ್ಪ್ರೇ ಹೊಡೆಯೋ ಧೈರ್ಯ ನನಗಿಲ್ಲ. ದಪ್ಪ ಗ್ರೀಸನ್ನು ಬೆರಳಿಂದ ಕಾರ್ಬೋರೇಟರ್ ಅಡಿಯ ಪ್ಯಾಕಿಂಗ್ ಸುತ್ತ ಮೆತ್ತಿದೆ, ಏನೂ ಆಗಲಿಲ್ಲ. ಬಟರ್‌ಫ್ಲೈ ತಿರುಗಿಸೋ ಕಡ್ಡಿ, ಥ್ರಾಟಲ್ ಸ್ಪಿಂಡಲ್‌ನ ಎರಡೂ ತುದಿಗೆ ಮೆತ್ತಿದೆ, ಒಂದು ನಿಮಿಷ ಗಾಡಿ ಹೊಸದರ ಹಾಗೆ ನಿಂತಿತು. ಆಮೇಲೆ ಗ್ರೀಸನ್ನೂ ಎಳೆದುಕೊಂಡಿತು.

ಗೋಕುಲ ರಸ್ತೆಯ ಲೇತಿನವರೊಬ್ಬರು ದಿನವಿಡೀ ಕಾರ್ಖಾನೆಗಳ ವಾಲ್ವ್ ತಿರುವೋರು. ಹುಬ್ಬಳ್ಳಿಯಲ್ಲಿ ವಾಲ್ವ್ ಕೆಲಸಕ್ಕೇನು ಬರ? ನನ್ನ ಕಾರ್ಬೋರೇಟರ್ ನೋಡಿ ನಕ್ಕರು. ಸ್ಪಿಂಡಲ್ ಕೂರೋ ತೂತು ಸವೆದು ಮೊಟ್ಟೆಯಾಕಾರ ಆಗಿತ್ತು. ಹಿತ್ತಾಳೆ ಬುಶ್ ಹಾಕಿದರು, 200 ರೂಪಾಯಿ. ಎರಡು ಕಡೆಯ ತೂತನ್ನು ಬೇರೆಬೇರೆ ರೀಮ್ ಮಾಡಿದ್ದಕ್ಕೆ (ಅಳತೆಗೆ ನಯವಾಗಿ ಕೆರೆದದ್ದಕ್ಕೆ) ಸ್ಪಿಂಡಲ್ ಬಿಗಿಯಾಗಿ, ವಿದ್ಯಾನಗರದಲ್ಲಿ ಎಕ್ಸಲೇಟರ್ ಅಲ್ಲೇ ಸಿಕ್ಕಿಕೊಂಡಿತು. ಚಾವಿ ತಿರುಗಿಸಿ ಬ್ರೇಕ್ ಒತ್ತಿ ಬದುಕಿದೆ. ಎರಡನೇ ಸಲ ಎರಡೂ ಬುಶ್ ಒಂದೇ ಸಾಲಿನಲ್ಲಿ ರೀಮ್ ಆದವು. ಆ ಸಾಲು ತಪ್ಪದಂತೆ ಏನು ತೂರಿಸಿದೆವು ಅನ್ನೋದು ನಮ್ಮಿಬ್ಬರೊಳಗೇ ಇರಲಿ. ಬಟರ್‌ಫ್ಲೈ ಬಿಚ್ಚೋ ಮುಂಚೆ ಗೆರೆ ಎಳೆದುಕೊಳ್ಳಿ, ಅದರ ಅಂಚು ಓರೆ ಇರುತ್ತದೆ. ಬಟರ್‌ಫ್ಲೈ ಸ್ಕ್ರೂ ಕಳಚದಂತೆ ಅದರ ತುದಿಗೆ ಪಂಚ್ ಹೊಡೆಯೋದು ಮರೆತರೆ ಅದು ಸೀದಾ ಸಿಲಿಂಡರಿಗೆ ಇಳಿದೀತು.

ಮುಂದಿನದು ಎಲ್ಲರೂ ಮಾಡೋ ಟ್ಯೂನಿಂಗೇ. ಏರ್ ಕ್ಲೀನರ್ ಹಾಕಿ, ಎಂಜಿನ್ ಪೂರ್ತಿ ಕಾಯಿಸಿ, ಮಿಕ್ಸ್ಚರ್ ಒಂದೂವರೆ ಸುತ್ತಿನಿಂದ ಶುರು. ಆದರೆ ಈಗಿನ 20% ಎಥೆನಾಲ್ ಪೆಟ್ರೋಲಿಗೆ ನನ್ನದು ಎರಡು ಸುತ್ತು ದಾಟಿದ ಮೇಲೇ ಸಮಾಧಾನ ಆಯಿತು. ರೇಸ್ ಏರಿದಷ್ಟು ಸ್ಲೋ ಸ್ಕ್ರೂ ಇಳಿಸು, ಮತ್ತೆ ಮಿಕ್ಸ್ಚರ್ ಹುಡುಕು, ಹೀಗೆ ಮೂರು ಸಲ. ಕೊನೆಯ ಚೂರು ಕಿವಿಯದು, ಬರೆದು ಹೇಳೋಕಾಗಲ್ಲ.

ಪದ್ಮಿನಿಗೆ ಆರ್‌ಪಿಎಂ ಮೀಟರ್ ಇಲ್ಲವಲ್ಲ, ಬೈಕಿನದೊಂದು ಮೀಟರಿನ ವೈರನ್ನು ಪ್ಲಗ್ ವೈರಿಗೆ ಸುತ್ತಿದೆ. 380 ತೋರಿಸಿತು, ಗಾಬರಿಯಾದೆ. ನಮ್ಮ ಗಾಡಿಯಲ್ಲಿ ಒಂದು ಪ್ಲಗ್ ಎರಡು ಸುತ್ತಿಗೊಮ್ಮೆ ಕಿಡಿ ಹಾರಿಸುತ್ತದೆ, ಆ ಮೀಟರ್ ಸುತ್ತಿಗೊಂದು ಅಂತ ಎಣಿಸುತ್ತದೆ. ದುಪ್ಪಟ್ಟು ಮಾಡಿದರೆ 760, ಸರಿಯಾಗಿಯೇ ಇತ್ತು. ಎಂಜಿನ್ ಎಳೆತ ಅಳೆಯೋ ವ್ಯಾಕ್ಯೂಮ್ ಗೇಜ್ ಮೊದಲು 13 ಇಂಚಿನ ಆಸುಪಾಸು ನಡುಗುತ್ತಿದ್ದದ್ದು 17ಕ್ಕೆ ಕೂತಿತು. ಪುಸ್ತಕದ 19, 20 ಸಮುದ್ರಮಟ್ಟದ ಲೆಕ್ಕ. ಹುಬ್ಬಳ್ಳಿ ಸುಮಾರು 2,200 ಅಡಿ ಮೇಲಿದೆ, ಎರಡು ಇಂಚು ಇಲ್ಲೇ ಕಳೆಯಬೇಕು. ರಿಂಗ್ ಹೋಗಿದ್ದರೆ 17 ಬರುತ್ತಿತ್ತೇನ್ರಿ?

ನಡುವೆ ಒಂದು ನಂಬರ್ ದೊಡ್ಡ ಸ್ಲೋ ಜೆಟ್ (ಸ್ಲೋಗೆ ಪೆಟ್ರೋಲ್ ಬಿಡೋ ಸಣ್ಣ ತೂತಿನ ಬಿಡಿಭಾಗ) ಹಾಕಿಯೂ ನೋಡಿದೆ. ಮುಂಜಾನೆ ಸುಖ, ಮೈಲೇಜ್ 13ರಿಂದ 11. ಕಿತ್ತು ಹಾಕಿದೆ.

ಬುಶ್, ಗೇಜ್, ಎರಡು ಸಲದ ಲೇತ್ ಕೂಲಿ ಸೇರಿ 1,900 ಇರಬಹುದು. 38 ಸಾವಿರದ ಚೀಟಿ ಬರೆದವರನ್ನೇ ಕರೆದು ಕೂರಿಸಿದೆ. ಗಾಡಿ ಬಂದ್ ಬಿತ್ತು ಅಂದುಕೊಂಡು ಅವರು ಚಾವಿ ತಿರುಗಿಸಿದರು, ಸ್ಟಾರ್ಟರ್ ಹಲ್ಲು ಕರ್ರ್ ಅಂತು. "ಚಾಲೂನ ಐತೇನ್ರಿ?" ಅಂದರು.

ಏಪ್ರಿಲ್ ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿ ಹೊರಟರೆ ಮಾತ್ರ ಇನ್ನೂ ಮೊಂಡುತನ ಮಾಡುತ್ತದೆ. ಎಂಜಿನ್ ಪಕ್ಕ ಕಾಯೋ ಪೆಟ್ರೋಲ್ ಪಂಪನ್ನು ತಣ್ಣಗೆ ಮಾಡೋಕೆ ಸುತ್ತಲು ಒಂದು ಹಳೇ ಬನಿಯನ್, ಒಂದು ಬಾಟ್ಲಿ ನೀರು ಸದ್ಯ ಡಿಕ್ಕಿಯಲ್ಲಿವೆ.