ಕುಂಬು ಹಿಡಿದ ಮಾವಿನ ಮರದಿಂದ ಪೆನ್ನು ಕಡೆದ ಅನುಭವ

2019ರ ಆಗಸ್ಟ್ ತಿಂಗಳ ಮಳೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ ಇನ್ನೂ ನೆನಪಿರುತ್ತದೆ. ಆ ಮಳೆಗೆ ನಮ್ಮ ತೋಟದ ಅಂಚಿನಲ್ಲಿದ್ದ ಹಳೆಯ ಕಾಟುಮಾವಿನ ಮರವೊಂದು ಬುಡಸಮೇತ ಉರುಳಿತು. ಕಾಂಡವನ್ನು ಮಿಲ್ಲಿಗೆ ಸಾಗಿಸಿದೆವು. ತೊಡೆಗಾತ್ರದ ಕೊಂಬೆಗಳು ಕೊಟ್ಟಿಗೆಯ ಹಿಂದೆ ದರಕಿನ (ಒಣ ಎಲೆಗಳ) ರಾಶಿಯ ಪಕ್ಕದಲ್ಲೇ ಉಳಿದವು. ಮರುವರ್ಷ ದೀಪಾವಳಿಯ ಹೊತ್ತಿಗೆ ಬಚ್ಚಲೊಲೆಗೆಂದು ಅವನ್ನು ಕೊಯ್ಯುತ್ತಿದ್ದಾಗ, ಒಂದು ತುಂಡಿನ ಕೊಯ್ದ ಮುಖದ ಮೇಲೆ ಕಪ್ಪು ಗೆರೆಗಳು ಕಂಡವು. ಸೂಜಿಮೊನೆಯಿಂದ ಎಳೆದಷ್ಟು ಸಣ್ಣ ಗೆರೆಗಳು, ಎಲ್ಲಿಯೂ ಕಡಿಯದೆ, ಹಳೆಯ ಜಮೀನು ನಕ್ಷೆಯ ಗಡಿಗಳಂತೆ ಒಂದನ್ನೊಂದು ಕೂಡುತ್ತ ಸಾಗಿದ್ದವು. ಗೆರೆಯ ಒಂದು ಬದಿಯಲ್ಲಿ ಮರ ಕೆನೆಬಣ್ಣದ್ದಾಗಿತ್ತು, ಇನ್ನೊಂದು ಬದಿಯಲ್ಲಿ ಜೇನುಬಣ್ಣಕ್ಕೆ ತಿರುಗಿತ್ತು. ಆ ತುಂಡನ್ನು ನಾನು ಒಲೆಗೆ ಹಾಕಲಿಲ್ಲ.

ಅದಕ್ಕೂ ಮೂರು ವರ್ಷ ಮೊದಲೇ ಅರ್ಧ ಅಶ್ವಶಕ್ತಿಯ ಪುಟ್ಟ ಲೇತ್ ಒಂದನ್ನು ಕೊಂಡು, ಬೀಟೆ, ಹಲಸು ಮತ್ತು ಕಾಫಿ ಗಿಡದ ಬೊಡ್ಡೆಗಳಿಂದ ಪೆನ್ನುಗಳನ್ನು ಕಡೆಯುತ್ತಿದ್ದೆ. ಆದ್ದರಿಂದ ಈ ಮರವನ್ನು ಕಂಡೊಡನೆ ಪೆನ್ನಿನ ಯೋಚನೆ ಬಂದುದು ಸಹಜವೇ. ನಮ್ಮೂರಿನ ಹಿರಿಯ ಆಚಾರಿಯೊಬ್ಬರಿಗೆ ತೋರಿಸಿದಾಗ ಅವರು ಉಗುರಿನಿಂದ ಗೀರಿ ನೋಡಿ, ಇದು ಕುಂಬು ಹಿಡಿದ, ಎಂದರೆ ಕೊಳೆಯತೊಡಗಿದ ಮರ, ಉಳಿಗೆ ನಿಲ್ಲುವುದಿಲ್ಲ ಎಂದರು. ಬಾಗಿಲು, ತೊಲೆ, ಜಂತಿಗಳನ್ನು ಮಾಡುವವರ ದೃಷ್ಟಿಯಿಂದ ಆ ಮಾತು ಪೂರ್ತಿ ನಿಜ. ಆದರೆ ಹೀಗೆ ಬಣ್ಣಗೆಟ್ಟ ಮರವನ್ನು ಚೆಲುವಿಗಾಗಿ ಆಯ್ದುಕೊಂಡವರು ಹಿಂದೆಯೂ ಇದ್ದರು. 15 ಮತ್ತು 16ನೆಯ ಶತಮಾನದ ಇಟಲಿಯ ಮರಕುಸುರಿಯವರು ಎಲೆ, ಹಕ್ಕಿಗಳ ಹಸಿರಿಗಾಗಿ ಶಿಲೀಂಧ್ರ ಬಣ್ಣವೂಡಿದ ಮರವನ್ನೇ ಕೆತ್ತಿ ಕೂರಿಸುತ್ತಿದ್ದರು. ಇಂತಹ ಮರವನ್ನು ಈಗ ಎಲ್ಲ ಕಡೆಯ ಕಡೆತಗಾರರೂ ಸ್ಪಾಲ್ಟೆಡ್ ಮರವೆಂದೇ ಕರೆಯುತ್ತಾರೆ.

ಮರದೊಳಗೆ ಏನು ನಡೆದಿರುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆ ನನ್ನ ಕೆಲಸದ ಕ್ರಮವೇ ಬದಲಾಯಿತು. ಬಿದ್ದ ಮರದೊಳಕ್ಕೆ ಬಗೆಬಗೆಯ ಶಿಲೀಂಧ್ರಗಳು ಇಳಿಯುತ್ತವೆ. ಬಿಳಿ ಕೊಳೆಯನ್ನು ತರುವ ಶಿಲೀಂಧ್ರಗಳು ಮರಕ್ಕೆ ಬಿಗಿಯನ್ನೂ ಬಣ್ಣವನ್ನೂ ಕೊಡುವ ಲಿಗ್ನಿನ್ ಅಂಶವನ್ನು ಕರಗಿಸುವುದರಿಂದ ಆ ಭಾಗ ಬೆಳ್ಳಗಾಗಿ ಹಗುರಾಗುತ್ತದೆ. ಎರಡು ಶಿಲೀಂಧ್ರಗಳು ಎದುರಾದಾಗ ಪ್ರತಿಯೊಂದೂ ತನ್ನ ಪಾಲಿನ ಮರವನ್ನು ಕಾಪಾಡಿಕೊಳ್ಳಲು ಮೆಲನಿನ್ ಎಂಬ ಕಪ್ಪು ವರ್ಣಕ ತುಂಬಿದ ಗಟ್ಟಿ ಗೋಡೆಯನ್ನು ಕಟ್ಟುತ್ತದೆ. ನಮಗೆ ಕಾಣುವ ಕಪ್ಪು ಗೆರೆ ಆ ಗೋಡೆಯ ಅಡ್ಡಕೊಯ್ತ. ಕ್ಸೈಲೇರಿಯಾದಂತಹ ಕೆಲವು ಶಿಲೀಂಧ್ರಗಳು ಎದುರಾಳಿ ಇಲ್ಲದಿದ್ದರೂ, ತೇವ ಆರದಂತೆ ನೋಡಿಕೊಳ್ಳಲು ಇಂಥ ಗೋಡೆಯನ್ನು ಕಟ್ಟುವುದುಂಟು. ಮಳೆಗಾಲದಲ್ಲಿ ನಮ್ಮ ಕಾಡಿನ ಕೊರಡುಗಳ ಮೇಲೆ ಕರಿಬೆರಳುಗಳಂತೆ ಎದ್ದು ನಿಲ್ಲುವುದು ಇದೇ ಕ್ಸೈಲೇರಿಯಾ. ಇವುಗಳ ನಡುವೆ ಕಂದು ಕೊಳೆಯ ಶಿಲೀಂಧ್ರ ಸೇರಿಕೊಂಡರೆ ಮಾತ್ರ ಆಸೆ ಬಿಡಬೇಕು. ಅದು ಮರದ ನಾರಿನ ಅಂಶವಾದ ಸೆಲ್ಯುಲೋಸನ್ನು ತಿಂದು ಮರವನ್ನು ಚೌಕ ಚೌಕವಾಗಿ ಬಿರಿಯಿಸಿ ಪುಡಿ ಮಾಡುತ್ತದೆ, ಅಂತಹ ಮರವನ್ನು ಯಾವ ರಾಳವೂ ಉಳಿಸಲಾರದು.

ಮೊದಲ ಐದು ತುಂಡುಗಳೂ ಲೇತಿನ ಮೇಲೆಯೇ ಹಾಳಾದವು. ಕಾರಣವನ್ನು ತಿಳಿಯಲು ಪೆನ್ನಿನ ಅಳತೆಯನ್ನು ನೋಡಬೇಕು. ನಾನು ಮಾಡುವ ಸಾಮಾನ್ಯ ಮಾದರಿಯ ಪೆನ್ನಿನೊಳಗೆ 7 ಮಿಲಿಮೀಟರ್ ದಪ್ಪದ ಹಿತ್ತಾಳೆ ಕೊಳವೆ ಇರುತ್ತದೆ, ಮೊನೆಯ ಬಳಿ ಮರದ ಹೊರ ಅಳತೆ ಸುಮಾರು 8.4 ಮಿಲಿಮೀಟರ್. ಅಂದರೆ ಕೊನೆಯಲ್ಲಿ ಕೊಳವೆಯ ಸುತ್ತ ಉಳಿಯುವ ಮರ ಒಂದು ಮಿಲಿಮೀಟರಿಗಿಂತಲೂ ತೆಳು. ಬಟ್ಟಲನ್ನು ಕಡೆಯುವವನಿಗೆ ಮೆತ್ತಗಿನ ಒಂದು ಮಚ್ಚೆ ಎದುರಾದರೆ ಅದು ಬರಿಯ ಮಚ್ಚೆ. ಪೆನ್ನು ಕಡೆಯುವವನಿಗೆ ಆ ಮಚ್ಚೆಯೇ ಇಡೀ ಗೋಡೆ. ಕಪ್ಪು ಗೆರೆ ಗಟ್ಟಿ, ಅದರ ಪಕ್ಕದ ಬಿಳಿ ಭಾಗ ಬೆಂಡಿನಷ್ಟು ಮೆದು. ಉಳಿ ಒಂದು ಸುತ್ತಿನಲ್ಲಿ ಎರಡನ್ನೂ ಹಲವು ಬಾರಿ ದಾಟುವಾಗ ಮೆತ್ತಗಿನ ಭಾಗ ಎಳೆಎಳೆಯಾಗಿ ಕಿತ್ತು ಹಾರಿ, ಕೆಳಗಿನ ಹಿತ್ತಾಳೆ ಹೊಳೆಯುತ್ತದೆ.

ಹೀಗಾಗಿ ಈ ಕೆಲಸದಲ್ಲಿ ಲೇತಿಗಿಂತ ಮೊದಲಿನ ತಿಂಗಳುಗಳೇ ಮುಖ್ಯ ಎಂದು ನಾನು ನಂಬಿದ್ದೇನೆ. ಕೊಳೆಯುವುದಕ್ಕೆ ಎಷ್ಟು ಬಿಡಬೇಕು, ಯಾವಾಗ ತಡೆಯಬೇಕು ಎಂಬ ಹದವೊಂದು ಸಿಕ್ಕಿದರೆ ಉಳಿದದ್ದನ್ನೆಲ್ಲ ಕಲಿಯಬಹುದು. 2021ರ ಜೂನ್‌ನಲ್ಲಿ ನಾನಾಗಿಯೇ ಮರವನ್ನು ಹದಕ್ಕಿಡಲು ಆರಂಭಿಸಿದೆ. ಹಸಿ ಮಾವಿನ ಕೊಂಬೆಯನ್ನು ಒಂದೂವರೆ ಅಡಿಯ ತುಂಡುಗಳಾಗಿ ಕೊಯ್ದು, ಸಿಪ್ಪೆಯನ್ನು ಹಾಗೆಯೇ ಬಿಟ್ಟು, ಹಿಂದೆ ಗೆರೆ ಮೂಡಿದ್ದ ಮರದ ಚೂರುಗಳನ್ನೂ ಒಂದಿಷ್ಟು ಹಳೆಯ ದರಕನ್ನೂ ಸೇರಿಸಿ ಗೋಣಿಚೀಲದಲ್ಲಿ ತುಂಬಿ, ಕೊಟ್ಟಿಗೆಯ ಬಡಗು ಗೋಡೆಯ ನೆರಳಿನಲ್ಲಿ ಇಟ್ಟಿಗೆಗಳ ಮೇಲೆ ನಿಲ್ಲಿಸಿದೆ. ನೆಲಕ್ಕೆ ತಾಗಿದರೆ ವರಲೆ ಹತ್ತುತ್ತದೆ, ಪ್ಲಾಸ್ಟಿಕ್ ಹೊದಿಸಿ ಗಾಳಿಯನ್ನು ಕಟ್ಟಿದರೆ ಶಿಲೀಂಧ್ರವೇ ಉಸಿರುಗಟ್ಟುತ್ತದೆ, ನೀರಿನಲ್ಲಿ ಮುಳುಗಿದ ಮರವಂತೂ ಕೊಳೆಯುವುದೇ ಇಲ್ಲ. ತೇವವೂ ಬೇಕು, ಗಾಳಿಯೂ ಬೇಕು, ಇಪ್ಪತ್ತರಿಂದ ಮೂವತ್ತು ಡಿಗ್ರಿಯ ಬೆಚ್ಚಗೂ ಬೇಕು. ಮಲೆನಾಡಿನ ಮಳೆಗಾಲ ಈ ಮೂರನ್ನೂ ತಾನಾಗಿ ಒದಗಿಸುತ್ತದೆ.

ಎಂಟನೆಯ ವಾರದಿಂದ, ಮೂರು ವಾರಕ್ಕೊಮ್ಮೆ ಒಂದು ತುಂಡಿನ ತುದಿಯನ್ನು ಎರಡು ಬೆರಳಿನಷ್ಟು ಕೊಯ್ದು ನೋಡುತ್ತೇನೆ. ಆಚಾರಿಯವರು ಮಾಡಿದ ಉಗುರಿನ ಪರೀಕ್ಷೆಯನ್ನೇ ನಾನೂ ಮಾಡುವುದು: ಬಿಳಿ ಭಾಗದ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿದಾಗ ಗುರುತು ಬಿದ್ದು ನಿಂತರೆ ಹದ ಬಂದಿದೆ, ಉಗುರು ಒಳಗಿಳಿದರೆ ಹದ ಮೀರಿದೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದಾಗ ಬರುವ ಸದ್ದೂ ಅಷ್ಟೇ ಖಚಿತವಾಗಿ ಹೇಳುತ್ತದೆ. ಹದದ ಮರದಲ್ಲಿ ಸ್ವಲ್ಪ ಮಂಕಾದರೂ ನಾದ ಉಳಿದಿರುತ್ತದೆ, ಹದ ಮೀರಿದ್ದು ತೊಗಟೆಯನ್ನು ತಟ್ಟಿದಂತೆ ಕೇಳಿಸುತ್ತದೆ. ಆ ವರ್ಷ ಮಾವು ಹದಕ್ಕೆ ಬರಲು ಸುಮಾರು ಐದು ತಿಂಗಳು ಹಿಡಿಯಿತು. ಹದ ಬಂದ ದಿನವೇ ತುಂಡುಗಳನ್ನು 20 ಮಿಲಿಮೀಟರ್ ಚೌಕದ, 130 ಮಿಲಿಮೀಟರ್ ಉದ್ದದ ಕಡ್ಡಿಗಳಾಗಿ ಸೀಳಿ, ಗಾಳಿಯಾಡುವ ಅಟ್ಟದ ಮೇಲೆ ನಡುವೆ ರೀಪು ಇಟ್ಟು ಪೇರಿಸಿದೆ. ತೇವ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿದರೆ ಶಿಲೀಂಧ್ರದ ಕೆಲಸ ನಿಲ್ಲುತ್ತದೆ. ನಾನು ಹನ್ನೆರಡಕ್ಕೆ ಬರುವವರೆಗೆ ಕಾಯುತ್ತೇನೆ.

ಒಣಗಿದ ಮರವನ್ನು ಗಟ್ಟಿ ಮಾಡಲು ಮೊದಲು ತೆಳುವಾದ ಸೂಪರ್ ಗ್ಲೂ ಬಳಸಿದೆ. ಮೆತ್ತಗಿನ ಮರ ಅದನ್ನು ಒಂದೇ ಸಮನೆ ಹೀರಿಕೊಂಡು ಕಾವು ಏರಿ ಹೊಗೆಯಾಡಿತು, ಕಣ್ಣು ಉರಿಯಿತು. ಅಂಟು ಹೆಚ್ಚು ಇಳಿದಲ್ಲಿ ಎಣ್ಣೆ ಚೆಲ್ಲಿದಂತಹ ಕಲೆಗಳೂ ಉಳಿದವು. ಈಗ ನಿರ್ವಾತದ ಪಾತ್ರೆಯಲ್ಲಿ ಮೆಥಾಕ್ರಿಲೇಟ್ ಎಂಬ ದ್ರವ ಪ್ಲಾಸ್ಟಿಕ್ ರಾಳ ತುಂಬುವ ಕ್ರಮವನ್ನು ಅನುಸರಿಸುತ್ತೇನೆ. ಕಡ್ಡಿಗಳನ್ನು ಈ ಕೆಲಸಕ್ಕೆಂದೇ ಇಟ್ಟಿರುವ ಓವನ್‌ನಲ್ಲಿ 105 ಡಿಗ್ರಿಯಲ್ಲಿ ಒಂದು ದಿನ ಇಟ್ಟು ಪೂರ್ತಿ ಒಣಗಿಸಬೇಕು, ಏಕೆಂದರೆ ನೀರಿನ ಪಸೆ ಉಳಿದಲ್ಲಿ ರಾಳ ಗಟ್ಟಿಯಾಗುವುದಿಲ್ಲ. ಆರಿದ ಕಡ್ಡಿಗಳನ್ನು ರಾಳದಲ್ಲಿ ಮುಳುಗಿಸಿ ಗಾಳಿ ಎಳೆದಾಗ ಮರದ ರಂಧ್ರಗಳಿಂದ ಗುಳ್ಳೆಗಳು ಏಳುತ್ತವೆ; ಅವು ನಿಂತ ಬಳಿಕ ನಿರ್ವಾತವನ್ನು ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡುತ್ತೇನೆ. ರಾಳ ಒಳಗಿಳಿಯುವುದು ಗಾಳಿ ಮರಳಿದ ಮೇಲೆಯೇ. ಕೊನೆಗೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ರಾಳ ಗಟ್ಟಿಯಾಗಲು 95 ಡಿಗ್ರಿಯ ಕಾವಿನಲ್ಲಿ ಇಡುತ್ತೇನೆ. ನಾನು ತೂಗಿ ನೋಡಿದ ಒಂದು ಕಡ್ಡಿ 22 ಗ್ರಾಂ ಇದ್ದದ್ದು 41 ಗ್ರಾಂ ಆಗಿತ್ತು. ಇದನ್ನು ಮರವೆನ್ನಬೇಕೋ ಪ್ಲಾಸ್ಟಿಕ್ ಎನ್ನಬೇಕೋ ಎಂದು ಕೇಳುವವರಿದ್ದಾರೆ. ಗೆರೆಯೂ ಬಣ್ಣವೂ ನಾರೂ ಮರದ್ದೇ, ರಾಳ ಅದಕ್ಕೆ ಆಸರೆ ಮಾತ್ರ ಎಂಬುದು ನನ್ನ ನಿಲುವು. ಆದರೆ ಪೆನ್ನನ್ನು ಕೊಡುವಾಗ ರಾಳ ತುಂಬಿದ ವಿಷಯವನ್ನು ತಪ್ಪದೆ ಹೇಳುತ್ತೇನೆ.

ಕಡ್ಡಿಯನ್ನು ಎರಡು ತುಂಡು ಮಾಡುವ ಮೊದಲು, ನಾಲ್ಕು ಮುಖಗಳಲ್ಲಿ ಯಾವುದರ ಗೆರೆ ಮೇಲಿನ ಭಾಗದಿಂದ ಕೆಳಗಿನ ಭಾಗಕ್ಕೆ ಚೆನ್ನಾಗಿ ಹರಿದಿದೆ ಎಂದು ನೋಡಿ, ಕೊಯ್ಯುವ ಜಾಗದ ಎರಡೂ ಬದಿಗೆ ಪೆನ್ಸಿಲಿನಿಂದ ಬಾಣದ ಗುರುತು ಹಾಕುತ್ತೇನೆ. ಈ ಗುರುತು ತಪ್ಪಿದರೆ ಪೆನ್ನಿನ ನಡುವಿನ ಉಂಗುರದ ಬಳಿ ಗೆರೆಗಳು ಮುರಿದು ನಿಲ್ಲುತ್ತವೆ, ಅದನ್ನು ಸರಿಪಡಿಸುವ ದಾರಿಯೇ ಇಲ್ಲ. ರಂಧ್ರ ಕೊರೆಯುವಾಗ ಬೈರಿಗೆಯ ಮೊನೆ ಹೊರಬರುವ ತುದಿಯಲ್ಲಿ ಮರ ಸಿಡಿಯುವುದು ಹೆಚ್ಚು. ಆದ್ದರಿಂದ ತುಂಡನ್ನು ಒಂದು ಸೆಂಟಿಮೀಟರ್ ಉದ್ದವಾಗಿಯೇ ಉಳಿಸಿಕೊಂಡು, ಮೊನೆ ಆಚೆ ಬರುವ ಮೊದಲೇ ನಿಲ್ಲಿಸಿ, ಉಳಿದ ತುದಿಯನ್ನು ಗರಗಸದಿಂದ ಕೊಯ್ದು ತೆಗೆಯುತ್ತೇನೆ. ರಂಧ್ರ ತಾನಾಗಿ ತೆರೆದುಕೊಳ್ಳುತ್ತದೆ. ಪ್ರತಿ ಸೆಂಟಿಮೀಟರಿಗೊಮ್ಮೆ ಬೈರಿಗೆಯನ್ನು ಹೊರಗೆಳೆದು ಹೊಟ್ಟು ಕೊಡವಬೇಕು, ಇಲ್ಲವಾದರೆ ರಾಳ ಕಾವಿಗೆ ಮೆತ್ತಗಾಗಿ ಬೈರಿಗೆಯನ್ನೇ ಹಿಡಿದುಕೊಳ್ಳುತ್ತದೆ. ಹಿತ್ತಾಳೆ ಕೊಳವೆಯನ್ನು ಮರಳುಕಾಗದದಿಂದ ಒರಟು ಮಾಡಿ ಎಪಾಕ್ಸಿಯಿಂದ ಅಂಟಿಸಿ ಒಂದು ರಾತ್ರಿ ಬಿಡುತ್ತೇನೆ.

ಲೇತಿನ ಮೇಲಿನ ಕೆಲಸ ಅರ್ಧ ಗಂಟೆಯದು. ವೇಗ ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತು, ಉಳಿ ಆಗತಾನೆ ಮಸೆದದ್ದು. ಚೌಕ ಉರುಟಾಗುವವರೆಗೆ ಕಟಕಟ ಎನ್ನುವ ಸದ್ದು ಬಳಿಕ ಸಣ್ಣ ಸುಯ್‌ಗೆ ಇಳಿಯುತ್ತದೆ. ಸುಯ್ ನಡುವೆ ಮತ್ತೆ ಒರಟಾದರೆ ಮೆತ್ತಗಿನ ಮಚ್ಚೆಯೊಂದು ಉಳಿಗೆ ಸಿಕ್ಕಿದೆ ಎಂದೇ ಅರ್ಥ. ಆಗ ನಿಲ್ಲಿಸಿ, ಆ ಜಾಗಕ್ಕೆ ಮಾತ್ರ ಒಂದೆರಡು ಹನಿ ತೆಳು ಸೂಪರ್ ಗ್ಲೂ ಅಂಟನ್ನು ಬಿಟ್ಟು, ಆರಿದ ಮೇಲೆ ಮುಂದುವರಿಯುತ್ತೇನೆ. ಇಲ್ಲಿ ಇನ್ನೊಂದು ತಪ್ಪು ನನ್ನಿಂದ ಬಹುಕಾಲ ಆಗುತ್ತಿತ್ತು. ಮರಳುಕಾಗದ ಹಾಕುವಾಗ ಎರಡೂ ತುದಿಯಲ್ಲಿ ಅಳತೆಗೆಂದು ಹಾಕುವ ಉಕ್ಕಿನ ಬುಷ್ (ಬಳೆ) ಸವೆದು, ಅದರ ಕರಿಪುಡಿ ತೆರೆದ ರಂಧ್ರಗಳಿಗೆ ತುಂಬಿ, ಕೆನೆಬಣ್ಣದ ಮರ ಬೂದುಬಣ್ಣಕ್ಕೆ ತಿರುಗುತ್ತಿತ್ತು. ದೋಷ ಮರದ್ದೇ ಎಂದು ತಿಳಿದಿದ್ದೆ. ಈಗ ಅಳತೆಗೆ ಬಂದೊಡನೆ ಉಕ್ಕಿನ ಬುಷ್‌ಗಳನ್ನು ತೆಗೆದು, ಎರಡು ಪ್ಲಾಸ್ಟಿಕ್ ಶಂಕುಗಳ ನಡುವೆ ಹಿಡಿದು ಉಜ್ಜುತ್ತೇನೆ. ಮುಖಕ್ಕೆ ಒಳ್ಳೆಯ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಮರದ ಹುಡಿಯ ಜೊತೆಗೆ ಶಿಲೀಂಧ್ರದ ಬೀಜಕಣಗಳೂ ಇರುತ್ತವೆ. ಮೊದಲ ವರ್ಷ ಕರವಸ್ತ್ರ ಕಟ್ಟಿಕೊಂಡು ಉಜ್ಜಿದ ನನಗೆ ಎರಡು ತಿಂಗಳು ಒಣಕೆಮ್ಮು ಬಿಡಲಿಲ್ಲ.

ಹೊಳಪಿನ ವಿಷಯದಲ್ಲಿ ನನ್ನ ಮನಸ್ಸು ಇದ್ದದ್ದು ಅರಗಿನ ಮೇಲೆ. ಚನ್ನಪಟ್ಟಣದಲ್ಲಿ ಕುಶಲಕರ್ಮಿಯೊಬ್ಬರ ಪಕ್ಕ ಕುಳಿತು ಒಂದು ಮಧ್ಯಾಹ್ನ ನೋಡಿದ್ದೆ. ತಿರುಗುವ ಹಾಲೆಮರದ ಬೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿದೊಡನೆ ಉಜ್ಜಿದ ಕಾವಿಗೇ ಅರಗು ಕರಗಿ ಹರಡುತ್ತಿತ್ತು, ಒಣಗಿದ ತಾಳೆಗರಿಯನ್ನು ಮಡಚಿ ಅದರ ಮೇಲೆ ಸವರಿದಾಗ ಕನ್ನಡಿಯ ಹೊಳಪು ಏಳುತ್ತಿತ್ತು. ಮನೆಗೆ ಬಂದು ಬಣ್ಣ ಬೆರೆಸದ ಅರಗಿನಿಂದ ಹನ್ನೊಂದು ಪೆನ್ನುಗಳಿಗೆ ಹಾಗೆಯೇ ಮಾಡಿದೆ. ಜೇನುಬಣ್ಣದ ಆ ಹೊಳಪಿಗೆ ಸಮನಾದುದನ್ನು ನಾನು ಇಂದಿಗೂ ಕಂಡಿಲ್ಲ. ಆದರೆ ಅದು ಕೊರೊನಾದ ಕಾಲ. ಪೆನ್ನನ್ನು ಪಡೆದವರೆಲ್ಲ ಗಂಟೆಗೊಮ್ಮೆ ಸ್ಯಾನಿಟೈಸರ್ ಹಚ್ಚಿದ ಕೈಯಲ್ಲೇ ಅದನ್ನು ಹಿಡಿಯುತ್ತಿದ್ದರು. ಅರಗು ಆಲ್ಕೋಹಾಲಿನಲ್ಲಿ ಕರಗುವ ವಸ್ತು. ತಿಂಗಳೊಳಗೆ ನಾಲ್ಕು ಪೆನ್ನುಗಳು ಬೆರಳಚ್ಚು ಮೂಡಿ, ಅಂಟಂಟಾಗಿ ನನ್ನ ಕೈಗೆ ಮರಳಿದವು. ಅರಗನ್ನು ಬಿಡಬೇಕಾಗಿ ಬಂದುದು ನನಗೆ ನಿಜಕ್ಕೂ ನೋವಿನ ಸಂಗತಿ. ಈಗ ತೆಳುವಾದ ಅಂಟನ್ನು ಹತ್ತು ಹನ್ನೆರಡು ಲೇಪ ಹಚ್ಚಿ, ಪ್ರತಿ ಲೇಪವನ್ನೂ ತಾನಾಗಿ ಆರಲು ಬಿಟ್ಟು, 12000 ಸಂಖ್ಯೆಯ ನಯವಾದ ಹಾಳೆಯವರೆಗೆ ನೀರು ಮುಟ್ಟಿಸಿ ಉಜ್ಜುತ್ತೇನೆ. ಕೈಯಲ್ಲಿ ಹಿಡಿಯದೆ ಮೇಜಿನ ಮೇಲೆ ಇಡುವ ಪೆನ್‌ಸ್ಟ್ಯಾಂಡುಗಳಿಗೆ ಮಾತ್ರ ಅರಗೇ ಬಳಕೆ.

ಕಳೆದ ಮಳೆಗಾಲದಲ್ಲಿ ಮಾವಿನ ಜೊತೆಗೆ ಹುಣಸೆಯ ಕೊಂಬೆಯೊಂದನ್ನೂ ಗೋಣಿಚೀಲಕ್ಕೆ ಹಾಕಿದ್ದೆ. ಹುಣಸೆಯ ಹೊರಮರ ತೆಳು ಹಳದಿ, ಅದರ ಮೇಲೆ ಕಪ್ಪು ಗೆರೆ ಮಾವಿಗಿಂತ ಚೂಪಾಗಿ ಕಾಣುತ್ತದೆ; ಮರವೂ ಬಿಗಿ, ಕೊಳೆತರೂ ಬೇಗ ಬೆಂಡಾಗುವುದಿಲ್ಲ. ಐದನೆಯ ತಿಂಗಳಲ್ಲಿ ಕೊಯ್ದು ನೋಡಿದಾಗ ಗೆರೆ ತುದಿಯಿಂದ ಮೂರು ಬೆರಳು ಮಾತ್ರ ಒಳಹೋಗಿತ್ತು. ಕೊಯ್ದ ಮುಖಕ್ಕೆ ನೀರು ಚಿಮುಕಿಸಿ, ಅದೇ ಚೀಲಕ್ಕೆ ಮರಳಿ ಹಾಕಿ, ಬಾಯಿ ಕಟ್ಟಿ ಇಟ್ಟಿದ್ದೇನೆ.