ಹೆಣ್ಣು ಸಾಲಿಗೆ ಜೇನು ಹತ್ತಿಸಿದ ನಾಲ್ಕು ಹಂಗಾಮು

2025ರ ಮೇ ಮೊದಲ ವಾರದಲ್ಲಿ ಪುಣೆ ಜಿಲ್ಲೆಯ ಖೇಡ್ ತಾಲ್ಲೂಕಿನ ಒಂದೂವರೆ ಎಕರೆ ಹೈಬ್ರಿಡ್ ಈರುಳ್ಳಿ ಬೀಜದ ಹೊಲದಲ್ಲಿ ಒಕ್ಕಣೆ ಮುಗಿದಾಗ ಹೆಣ್ಣು ಸಾಲುಗಳ ಬೀಜ ಸುಮಾರು 165 ಕಿಲೋ ತೂಗಿತು. 2022ರಲ್ಲಿ ಅದೇ ಹೊಲ 60 ಕಿಲೋ ದಾಟಿರಲಿಲ್ಲ. ಹೈಬ್ರಿಡ್ ಬೀಜ ಕಟ್ಟುವುದು ಪರಾಗವಿಲ್ಲದ ಹೆಣ್ಣು ಸಾಲಿನಲ್ಲಿ, ಅದಕ್ಕೆ ಗಂಡು ಸಾಲಿನ ಪರಾಗವನ್ನು ಜೇನು ತಂದು ಮುಟ್ಟಿಸಬೇಕು. ಆ ಕೆಲಸಕ್ಕೆ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ಇಡುವವನು ನಾನು. ಪುಣೆಯ ಹಡಪಸರದಲ್ಲಿ ನೆಲೆಸಿರುವ, ವಿಜಯಪುರ ಕಡೆಯ ನನ್ನ ಸೋದರಮಾವ ಮೊದಲ ದಿನವೇ, "ಉಳ್ಳಾಗಡ್ಡಿ ಹೂವಿಗೆ ಹುಳ ಎಲ್ಲಿ ಬರತಾವೋ ತಮ್ಮಾ, ಸುಮ್ಮನ ರೊಕ್ಕ ಮಣ್ಣಾಗ ಹಾಕಬ್ಯಾಡ" ಎಂದಿದ್ದರು. ಬೀಜ ಕಂಪನಿಯಿಂದ ಬರುತ್ತಿದ್ದ ಅಧಿಕಾರಿಯೂ ಬೇರೆ ಮಾತಿನಲ್ಲಿ ಅದನ್ನೇ ಹೇಳಿದ್ದ. ಇಬ್ಬರಿಗೂ ತೂಕದ ಚೀಟಿ ತೋರಿಸಿದ್ದೇನೆ. ಪೆಟ್ಟಿಗೆ ಸಾಕಿ ಬಲ್ಲವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಸಂಸಾರ ಕೋಣೆ, ರಾಣಿ, ಎರಿ ಇವುಗಳ ವಿವರಣೆಗೆ ಹೋಗುವುದಿಲ್ಲ.

ಮೊದಲ ಹಂಗಾಮಿನಲ್ಲಿ ನಾನು ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ 20 ಪೆಟ್ಟಿಗೆ ಇಟ್ಟಿದ್ದೆ. ಜೇನುನೊಣಸಹಿತ ಒಂದೊಂದಕ್ಕೆ ನಾಲ್ಕು ಸಾವಿರದ ಆಸುಪಾಸು ಬಿದ್ದಿತ್ತು. ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ಪಕ್ಕದ ಹೊಲದಲ್ಲಿ ಥ್ರಿಪ್ಸ್ ನುಸಿಗೆಂದು ಬೆಳಗಿನ ಹತ್ತು ಗಂಟೆಗೆ ಫಿಪ್ರೋನಿಲ್ ಕೀಟನಾಶಕ ಹೊಡೆದರು. ಸಂಜೆಗೆ ಪೆಟ್ಟಿಗೆಗಳ ಮುಂದೆ ನಾಲಿಗೆ ಚಾಚಿ ಸತ್ತ ನೊಣಗಳನ್ನು ಬೊಗಸೆಯಲ್ಲಿ ಎತ್ತಬಹುದಾಗಿತ್ತು. ತಿಂಗಳೊಳಗೆ ಹನ್ನೊಂದು ಪೆಟ್ಟಿಗೆಗಳ ಜೇನು ಕುಟುಂಬಗಳು ಸತ್ತುಹೋದವು, ಬಾಡಿಗೆಯೂ ಬರಲಿಲ್ಲ. ಊರಿನಲ್ಲಿ ಹಬ್ಬಿದ ಸುದ್ದಿ ಮಾತ್ರ ಬೇರೆಯದಾಗಿತ್ತು: ಇದು ಕುಲಾಂತರಿ ಈರುಳ್ಳಿ, ಅದರ ಹೂವಿನ ವಿಷದಿಂದ ಜೇನು ಸತ್ತಿತು ಎಂದು. ನಮ್ಮ ದೇಶದಲ್ಲಿ ವಾಣಿಜ್ಯ ಬೆಳೆಯಾಗಿ ಹೊಲಕ್ಕಿಳಿದಿರುವ ಕುಲಾಂತರಿ ಹತ್ತಿಯೊಂದೇ, ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ ಎಂದು ನಾನು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಣ್ಣು ಸಾಲಿನ ಹೂವನ್ನು ಬೆರಳಿಗೆ ಉಜ್ಜಿದರೆ ಪರಾಗ ಅಂಟುವುದಿಲ್ಲವೆಂಬುದೇ ಅವರಿಗೆ ಸಾಕ್ಷಿಯಾಗಿತ್ತು.

ಆ ಬಂಜೆತನ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. 1925ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ತಳಿ ವಿಜ್ಞಾನಿ ಹೆನ್ರಿ ಜೋನ್ಸ್ ಅವರ ಕಣ್ಣಿಗೆ ಬಿದ್ದ, ಇಟಾಲಿಯನ್ ರೆಡ್ ತಳಿಯ ಒಂದು ಗಂಡುಬಂಜೆ ಗಿಡದಿಂದ ಈರುಳ್ಳಿ ಹೈಬ್ರಿಡ್‌ಗಳ ಕಥೆ ಆರಂಭವಾಯಿತು. ನನ್ನ ತೊಡಕು ಗಿಡದ ಕುಲದ್ದಾಗಿರದೆ ನೊಣದ ಹೊಟ್ಟೆಯದಾಗಿತ್ತು. ಈರುಳ್ಳಿಯ ಮಕರಂದದಲ್ಲಿ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಜೇನಿಗೆ ಅದು ಅಷ್ಟಾಗಿ ರುಚಿಸುವುದಿಲ್ಲ. ಅದರ ಮೇಲೆ, ಪರಾಗಕ್ಕೆ ಹೊರಟ ನೊಣ ಗಂಡು ಸಾಲಿನಲ್ಲೇ ಮೇಲಿಂದ ಕೆಳಕ್ಕೆ ಓಡಾಡಿ ಮರಳುತ್ತದೆಯೇ ಹೊರತು ಪರಾಗವಿಲ್ಲದ ಸಾಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಎರಡೂ ಸಾಲುಗಳನ್ನು ದಾಟುವುದು ಮಕರಂದಕ್ಕೆ ಹೊರಟ ನೊಣ ಮಾತ್ರ. ಇದು ಹೊಳೆಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಉಳಿದ ಒಂಬತ್ತು ಪೆಟ್ಟಿಗೆಗಳನ್ನು ಬಲಪಡಿಸಲು 2022ರ ಡಿಸೆಂಬರಿನಲ್ಲಿ, ಗೆಳೆಯರೊಬ್ಬರ ಲಾರಿಯಲ್ಲಿ, ರಾಜಸ್ಥಾನದ ಭರತಪುರದ ಸಾಸಿವೆ ಹೂವಿಗೆ ಒಯ್ದೆ. ಡಿಎಂಎಚ್-11 ಎಂಬ ಕುಲಾಂತರಿ ಸಾಸಿವೆಯ ಪರಿಸರ ಬಿಡುಗಡೆಗೆ ಅದೇ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತ್ತು. ಅಲ್ಲಿನ ಜೇನುಗಾರರಿಗೆ ರಾತ್ರಿಯೆಲ್ಲ ಅದೇ ಮಾತು. ಆ ಸಾಸಿವೆಯಲ್ಲಿ ಬಾರ್ನೇಸ್ ಎಂಬ ಜೀನು ಒಂದು ತಳಿಯ ಪರಾಗವನ್ನು ಕೆಡಿಸುತ್ತದೆ, ಬಾರ್‌ಸ್ಟಾರ್ ಎಂಬುದು ಹೈಬ್ರಿಡ್ ಗಿಡದಲ್ಲಿ ಅದನ್ನು ಮರಳಿಸುತ್ತದೆ. ಹಾಗಾಗಿ ರೈತ ಬಿತ್ತುವ ಹೊಲದಲ್ಲಿ ಪರಾಗವಿರುತ್ತದೆ, ಬೀಜೋತ್ಪಾದನೆಯ ಹೆಣ್ಣು ಸಾಲಿನಲ್ಲಿ ಇರುವುದಿಲ್ಲ, ನನ್ನ ಈರುಳ್ಳಿಯಂತೆಯೇ. ನನ್ನನ್ನು ಹೆಚ್ಚು ಕಾಡಿದ್ದು ಮೂರನೆಯ ಜೀನು. ಅದು ಗ್ಲೂಫೋಸಿನೇಟ್ ಕಳೆನಾಶಕವನ್ನು ತಡೆದುಕೊಳ್ಳುವ ಶಕ್ತಿ ಕೊಡುತ್ತದೆ. ಬದುಗಳ ಮೇಲಿನ ಕಳೆಹೂವು ಹೋದರೆ ಸಾಸಿವೆ ಮುಗಿದ ಮೇಲೆ ಜೇನು ಏನು ತಿನ್ನಬೇಕು ಎಂದು ಕೇಳಿದ ಮುದುಕರೊಬ್ಬರಿಗೆ ಅಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಈ ಸಾಸಿವೆಗೆ ಕೊಟ್ಟ ಒಪ್ಪಿಗೆಯ ವಿಷಯದಲ್ಲಿ ಒಮ್ಮತಕ್ಕೆ ಬರಲಿಲ್ಲ.

ಎರಡನೆಯ ಹಂಗಾಮು ಪುಸ್ತಕದ ಬುದ್ಧಿಯಿಂದ ಕೆಟ್ಟಿತು. ಹೂಗೊಂಚಲುಗಳಿಗೆ, ಇಲ್ಲಿನವರು ಗೋಂಡೆ ಎನ್ನುತ್ತಾರೆ, ಬೆಲ್ಲದ ನೀರು ಚಿಮುಕಿಸಿದೆ. ನೊಣಗಳು ಎಲೆಯ ಮೇಲಿನ ಬೆಲ್ಲ ನೆಕ್ಕಿ ಹೊಟ್ಟೆ ತುಂಬಿಸಿಕೊಂಡು ಮನೆಗೆ ಹೋದವು, ಹೊಲಕ್ಕೆ ಬಂದದ್ದು ಇರುವೆ. ಬದುವಿಗೆ ಸಬ್ಬಸಿಗೆ ಬಿತ್ತಿದರೆ ಅದರ ಸೆಳೆತಕ್ಕೆ ಜೇನು ಬಂದು ಈರುಳ್ಳಿಗೂ ಇಳಿಯುತ್ತದೆ ಎಂದುಕೊಂಡಿದ್ದೆ. ಬಂದದ್ದು ನಿಜ, ಆದರೆ ಸಬ್ಬಸಿಗೆಯನ್ನು ಬಿಟ್ಟು ಕದಲಲಿಲ್ಲ. ಆ ವರ್ಷ ಸಕ್ಕರೆಗೇ ಆರೇಳು ಸಾವಿರ ಸುರಿದಿದ್ದೆ, ಏಕೆಂದರೆ ಕುಟುಂಬ ಸೊರಗಬಾರದೆಂದು ಎಲ್ಲರೂ ಪಾಕ ಕೊಡಲು ಹೇಳುತ್ತಾರೆ. ಅದೇ ತಪ್ಪು. ಪಾಕ ಸಿಕ್ಕ ಕುಟುಂಬಕ್ಕೆ ಮಕರಂದದ ಚಿಂತೆಯಿಲ್ಲ, ಅದು ಮರಿಗಳಿಗಾಗಿ ಪರಾಗ ತರಲು ಇನ್ನಷ್ಟು ನೊಣಗಳನ್ನು ಅಟ್ಟುತ್ತದೆ, ಅವು ನೇರ ಗಂಡು ಸಾಲಿಗೆ ಹೋಗುತ್ತವೆ. ನನ್ನ ಹಣದಿಂದಲೇ ನನ್ನ ಹೆಣ್ಣು ಸಾಲನ್ನು ಉಪವಾಸ ಕೆಡವಿದ್ದೆ.

2024ರಲ್ಲಿ ಲೆಕ್ಕವನ್ನು ತಿರುಗಿಸಿದೆ. ಹೊಲದಲ್ಲಿರುವಷ್ಟು ದಿನ ಪಾಕ ಪೂರ್ತಿ ನಿಲ್ಲಿಸಿ, ಸೋಯಾ ಹಿಟ್ಟು, ಯೀಸ್ಟ್, ಸಕ್ಕರೆ ಪುಡಿ ಕಲಸಿದ ರೊಟ್ಟಿಯನ್ನು ಚೌಕಟ್ಟುಗಳ ಮೇಲೆ ಇಟ್ಟೆ. ಮರಿಗಳ ಆಹಾರ ಒಳಗೇ ಸಿಕ್ಕಿದ್ದರಿಂದ ಹೊರಗೆ ಹೋಗುವ ನೊಣಗಳಲ್ಲಿ ಮಕರಂದದವು ಹೆಚ್ಚಾದವು. ಪೆಟ್ಟಿಗೆಯ ಬಾಗಿಲಲ್ಲಿ ಹತ್ತು ನಿಮಿಷ ಕುಳಿತು ಕಾಲಿನ ಪರಾಗದ ಉಂಡೆ ಎಣಿಸಿದರೇ ಇದು ತಿಳಿಯುತ್ತದೆ. ಆ ರೊಟ್ಟಿಗೆ ನಾನು ಸೇರಿಸುವ ಇನ್ನೊಂದು ವಸ್ತು ಇದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬೀಜ 110 ಕಿಲೋದವರೆಗೆ ಏರಿತಾದರೂ ಒಂದು ವಾರದ ನಂತರ ನೊಣಗಳು ಸುತ್ತಲಿನ ಬೇರೆ ಹೂವು ಪತ್ತೆ ಮಾಡಿ ಈರುಳ್ಳಿಯನ್ನು ಬಿಟ್ಟವು. ಆದ್ದರಿಂದ 2025ರಲ್ಲಿ ಎಲ್ಲ ಪೆಟ್ಟಿಗೆಗಳನ್ನು ಒಮ್ಮೆಲೇ ತರದೆ, ನೂರರಲ್ಲಿ ಹತ್ತು ಹೂವು ಅರಳಿದಾಗ ಎಂಟು, ಎಂಟೊಂಬತ್ತು ದಿನ ಬಿಟ್ಟು ಎಂಟು, ಮತ್ತೆ ಅಷ್ಟೇ ಅಂತರದಲ್ಲಿ ಆರು, ಹೀಗೆ ಮೂರು ಕಂತಿನಲ್ಲಿ ದೂರದ ತಾಣದಿಂದ ರಾತ್ರಿ ತಂದೆ. ಹೊಸದಾಗಿ ಬಂದ ನೊಣಕ್ಕೆ ಸುತ್ತಲಿನ ಭೂಗೋಳ ಗೊತ್ತಿರುವುದಿಲ್ಲ, ಕಣ್ಣೆದುರಿನ ಗೋಂಡೆಯ ಮೇಲೆಯೇ ಮೊದಲು ಇಳಿಯುತ್ತದೆ. ಪೆಟ್ಟಿಗೆಯ ಬಾಯಿಯನ್ನು ಸಾಲುಗಳಿಗೆ ಯಾವ ಕೋನದಲ್ಲಿ ಇಡುತ್ತೇನೆ ಎಂಬುದನ್ನು ಹೊಲಕ್ಕೆ ಬಂದವರು ನೋಡಿಕೊಳ್ಳಲಿ.

ಔಷಧಿಯ ವಿಷಯಕ್ಕೆ ಈಗ ಕಾಗದವಿದೆ. ಸುತ್ತಲಿನ ಐದು ರೈತರು ಹೂವಿನ ಕಾಲದಲ್ಲಿ ಹೊಡೆಯಲೇಬೇಕಾದರೆ ಹಿಂದಿನ ದಿನ ಫೋನು ಮಾಡಿ, ಸೂರ್ಯ ಮುಳುಗಿದ ಮೇಲೆ ಹೊಡೆಯಬೇಕು, ಫಿಪ್ರೋನಿಲ್ ಮತ್ತು ಇಮಿಡಾಕ್ಲೋಪ್ರಿಡ್ ಮುಟ್ಟಬಾರದು. ಇದಕ್ಕೆ ಪ್ರತಿಯಾಗಿ ಪ್ರತಿಯೊಬ್ಬರಿಗೂ ಎರಡು ಕಿಲೋ ಜೇನುತುಪ್ಪ ಕೊಡುತ್ತೇನೆ. ಸಹಿ ಹಾಕಿಸಿಕೊಳ್ಳಲು ಸಂಬಂಧಿಕರ ಮದುವೆಗಿಂತ ಹೆಚ್ಚು ಸಲ ಅವರ ಮನೆಗೆ ಹೋಗಿದ್ದೇನೆ.

ನಡುವೆ ಆ ಕುಲಾಂತರಿ ಹತ್ತಿಯನ್ನೂ, ಅಂದರೆ ಬಿಟಿ ಎಂಬ ಬ್ಯಾಕ್ಟೀರಿಯಾದ ಜೀನು ಸೇರಿಸಿದ ಬಿಟಿ ಹತ್ತಿಯನ್ನೂ, ನೋಡಿಬಿಡೋಣವೆಂದು ಒಂದು ಮಳೆಗಾಲದ ಕೊನೆಗೆ ಮಹಾರಾಷ್ಟ್ರದ ಶೇವಗಾಂವ್ ಕಡೆ ಹತ್ತು ಪೆಟ್ಟಿಗೆ ಇಟ್ಟೆ. ಐದು ವಾರ ಕುಟುಂಬಗಳು ಚೆನ್ನಾಗಿಯೇ ಇದ್ದವು. ಗುಲಾಬಿ ಕಾಯಿಕೊರಕ ಬಿಟಿಗೆ ಬಗ್ಗದಂತಾಗಿರುವುದರಿಂದ ಆಮೇಲೆ ಸಿಂಪಡಣೆ ಶುರುವಾಯಿತು, ಆ ರಾತ್ರಿಯೇ ಎತ್ತಿಕೊಂಡು ಬಂದೆ. ಬಿಟಿ ಪ್ರೋಟೀನು ಕೊಲ್ಲುವುದು ಪತಂಗದ ಮರಿಹುಳುವನ್ನು, ನಮ್ಮ ಎರಿಗಳನ್ನು ತಿನ್ನುವ ಮೇಣದ ಹುಳುವೂ ಪತಂಗವೇ. ಹೊರದೇಶಗಳ ಜೇನುಗಾರರು ಐಜವೈ ಎಂಬ ಬಗೆಯ ಬಿಟಿ ಬ್ಯಾಕ್ಟೀರಿಯಾವನ್ನು ಖಾಲಿ ಎರಿಗಳಿಗೆ ಸಿಂಪಡಿಸಿ ಅದನ್ನು ತಡೆಯುತ್ತಾರೆ. ನನಗೆ ಅಂಗಡಿಯಲ್ಲಿ ಸಿಕ್ಕಿದ್ದು ಕುರ್ಸ್ಟಾಕಿ ಎಂಬ ಬೇರೆ ಬಗೆಯ ಬಿಟಿ, ಅದನ್ನೇ ನಲವತ್ತು ಎರಿಗಳಿಗೆ ಹೊಡೆದೆ. ಅರ್ಧದಷ್ಟನ್ನು ಹುಳು ತಿಂದೇ ತಿಂದಿತು.

ಹಣದ ಲೆಕ್ಕ ಹೀಗಿದೆ: 22 ಪೆಟ್ಟಿಗೆಗೆ ತಲಾ 1,800ರಂತೆ ಬಾಡಿಗೆ ಸುಮಾರು 39,600, ನೂರು ಕಿಲೋ ಮೀರಿದ ಬೀಜಕ್ಕೆ ಬೋನಸ್ಸೆಂದು ಇನ್ನೊಂದು 15,000. ಪಿಕಪ್ ಗಾಡಿಗೆ ಮೂರು ಸಲಕ್ಕೆ 13,000, ರೊಟ್ಟಿಗೆ ನಾಲ್ಕು ಸಾವಿರ ಹೋಯಿತು. ಒಂದೇ ಒಂದು ಕುಟುಂಬ ಸತ್ತಿತು, ಅದೂ ರಾಣಿ ಕಳೆದುಹೋಗಿ. ಮೊದಲ ವರ್ಷದ ನಷ್ಟ ಇನ್ನೂ ಪೂರ್ತಿ ತೀರಿಲ್ಲ. ಮುಂದಿನ ಹಂಗಾಮಿಗೆ ಎರಡು ಹೊಲ ಒಪ್ಪಿಕೊಂಡಿದ್ದೇನೆ, ಎರಡನೆಯದರ ಬದುವಿನಲ್ಲಿ ನಮ್ಮ ನಾಡ ಜೇನು ತುಡುವೆಯ ನಾಲ್ಕು ಪೆಟ್ಟಿಗೆ ಇಟ್ಟು ನೋಡುವವನಿದ್ದೇನೆ. ತುಡುವೆ ನಿಲ್ಲದೆ ಹಾರಿಹೋಗುತ್ತದೆ ಎಂದು ಮಾವ ಈಗಾಗಲೇ ಹೇಳಿಯಾಗಿದೆ.