ಸ್ವೀಟ್ ಪೆಟ್ಟಿಗೆಯ ಬದಲು ಒಂದು ಪತ್ರ: ಅಪ್ಪಯ್ಯನನ್ನು ನೋಡಿಕೊಂಡ ನರ್ಸ್‌ಗಳಿಗೆ

ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಸಿಸ್ಟರ್‌ಗಳಿಗೆ ಒಂದು ಪೆಟ್ಟಿಗೆ ಸ್ವೀಟ್ ಕೊಟ್ಟು ಬರುವುದು ನಮ್ಮ ಕಡೆ ರೂಢಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಸ್ವೀಟ್ ಆ ಹೊತ್ತಿಗೆ ಡ್ಯೂಟಿಯಲ್ಲಿದ್ದವರಿಗಷ್ಟೇ ಸಿಗುತ್ತದೆ. ರಾತ್ರಿಯಿಡೀ ಎಚ್ಚರವಿದ್ದವರು ಆಗ ಮನೆಯಲ್ಲಿ ಮಲಗಿರುತ್ತಾರೆ, ಅಲ್ವಾ? ಶಿರಸಿಯ ಆಸ್ಪತ್ರೆಯೊಂದರಲ್ಲಿ ಅಪ್ಪಯ್ಯನ ಜೊತೆಗಿದ್ದಾಗ ನಾನು ಕಂಡದ್ದನ್ನು ಆಗಾಗ ಬರೆದಿಟ್ಟುಕೊಂಡೆ. ಕೊನೆಗೆ ಇಡೀ ತಂಡದ ಹೆಸರಿಗೆ ಒಂದು ಪತ್ರ ಕೊಟ್ಟೆ.

ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಅಪ್ಪಯ್ಯನ ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡುವುದು ತಪ್ಪಿತು, ಆಪರೇಷನ್ ಇಲ್ಲೇ ಚೆನ್ನಾಗಿ ಆಯಿತು. ಆದರೆ ವಯಸ್ಸಾದವರಿಗೆ ಕಷ್ಟದ ದಿನಗಳು ಶುರುವಾಗುವುದು ಆಮೇಲೆ. ಮಲಗಿದಲ್ಲೇ ಬೆನ್ನಿಗೆ ಹುಣ್ಣಾಗಬಹುದು, ಎದೆಯಲ್ಲಿ ಕಫ ಕಟ್ಟಬಹುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇವನ್ನೆಲ್ಲ ತಡೆಯುವ ದಿನನಿತ್ಯದ ಕೆಲಸ ಬಹಳಷ್ಟು ನರ್ಸ್‌ಗಳದ್ದೇ.

ಮಗ್ಗುಲು ಬದಲಿಸುವುದನ್ನೇ ನೋಡಿ. ಎರಡು ಗಂಟೆಗೊಮ್ಮೆ ಮಾಡಬೇಕು, ಒಬ್ಬರಿಂದ ಆಗುವುದಿಲ್ಲ. ಮೊದಲು ಪರದೆ ಎಳೆಯುತ್ತಿದ್ದರು. ಸಿಸ್ಟರ್ ಭುಜ ಹಿಡಿದರೆ ಆಯಾ ಸೊಂಟಕ್ಕೆ ಕೈ ಕೊಡುತ್ತಿದ್ದರು. ಬ್ರದರ್ ಕಾಲುಗಳ ನಡುವಿನ ದಿಂಬು ಜಾರದಂತೆ ನೋಡಿಕೊಳ್ಳುತ್ತಿದ್ದರು. "ಅಜ್ಜಾ, ಈಗ ತಿರುಗಿಸ್ತೇವೆ, ಸ್ವಲ್ಪ ನೋವಾಗ್ತದೆ" ಎಂದು ಹೇಳದೆ ಯಾರೂ ಮುಟ್ಟಲಿಲ್ಲ. ರಾತ್ರಿ ಬಿಪಿ ನೋಡುವುದನ್ನೂ ಅದೇ ಹೊತ್ತಿಗೆ ಸೇರಿಸಿಕೊಂಡಿದ್ದರು. ಅಪ್ಪಯ್ಯನನ್ನು ಪದೇ ಪದೇ ಎಬ್ಬಿಸುವುದು ಬೇಡ ಎಂದು.

ಆಪರೇಷನ್ ಆದ ಮೇಲೆ ರಾತ್ರಿ ಹೊತ್ತು ಅಪ್ಪಯ್ಯನಿಗೆ ಗಲಿಬಿಲಿ ಶುರುವಾಯಿತು. ವಯಸ್ಸಾದವರಲ್ಲಿ ಇದು ಆಗುವುದುಂಟು. "ಕೊನೆಗೌಡ ಬಂದ್ನಾ? ಕೊಟ್ಟೆ ಕಟ್ಟೂದು ಬಾಕಿ ಇದ್ದು" ಎನ್ನುತ್ತಾ ಏಳಲು ಹೋಗುತ್ತಿದ್ದರು. ಆ ರಾತ್ರಿಯ ಸಿಸ್ಟರ್ ಕಾರವಾರದ ಕಡೆಯವರು, ಮನೆಮಾತು ಕೊಂಕಣಿ. ಕೊಟ್ಟೆ ಅಂದರೆ ಏನು ಎಂದು ನನ್ನನ್ನು ಕೇಳಿದರು. ಮಳೆಗೆ ಕೊಳೆ ರೋಗ ಬರದಂತೆ ಅಡಿಕೆ ಗೊನೆಗೆ ಕಟ್ಟುವ ಹೊದಿಕೆ, ಮರ ಹತ್ತಿ ಅದನ್ನು ಕಟ್ಟುವವನೇ ಕೊನೆಗೌಡ ಎಂದೆ. ಅವರು ಗದರಲಿಲ್ಲ, ಕೈ ಕಟ್ಟಿಹಾಕುವ ಮಾತೂ ಆಡಲಿಲ್ಲ. ಕನ್ನಡಕ ಹಾಕಿಸಿದರು. ಪಕ್ಕದಲ್ಲಿ ಕೂತು, "ಅಜ್ಜಾ, ಇದು ಆಸ್ಪತ್ರೆ. ಕಾಲಿಗೆ ಆಪರೇಷನ್ ಆಗಿದೆ. ಕೊಟ್ಟೆ ವಿಷಯ ಮಗಳು ನೋಡ್ಕೊಳ್ತಾಳೆ" ಎಂದರು. ಎಷ್ಟು ಸಲ ಕೇಳಿದರೂ ಅದೇ ಸಮಾಧಾನದ ದನಿ.

ನನ್ನ ಮನಸ್ಸು ತುಂಬಿ ಬಂದದ್ದು ಮರುದಿನ ಬೆಳಿಗ್ಗೆ. ಡ್ಯೂಟಿ ಬದಲಾಗುವಾಗ ಇಬ್ಬರೂ ಸಿಸ್ಟರ್‌ಗಳು ಹಾಸಿಗೆಯ ಪಕ್ಕದಲ್ಲೇ ನಿಂತು ಮಾತಾಡಿದರು. ಯಾವ ಇಂಜೆಕ್ಷನ್ ಆಗಿದೆ, ಮೂತ್ರ ಎಷ್ಟು ಹೋಗಿದೆ, ಡ್ರೆಸ್ಸಿಂಗ್ ಒದ್ದೆಯಾಗಿದೆಯಾ, ಇಷ್ಟರ ಜೊತೆಗೆ ಕೊಟ್ಟೆಯ ಸುದ್ದಿಯೂ ದಾಟಿತು. ಹೊಸದಾಗಿ ಬಂದವರು ಕಿಟಕಿಯ ಪರದೆ ಸರಿಸಿ, "ಬೆಳಗಾಯ್ತು ಅಜ್ಜಾ, ತೋಟಕ್ಕೆ ಮನೆಯವರು ಹೋಗಿದಾರೆ" ಎಂದರು. ಹಗಲು ಜಾಸ್ತಿ ಮಲಗಲು ಬಿಡಲಿಲ್ಲ. ಎದೆಯಲ್ಲಿ ಕಫ ಕಟ್ಟದಂತೆ ಮೂರು ಚೆಂಡಿನ ಉಸಿರಾಟದ ಸಾಧನ ಕೊಟ್ಟು ಉಸಿರು ಎಳೆಸಿದರು. ಮಧ್ಯಾಹ್ನದ ಸಿಸ್ಟರ್‌ಗೂ ಕೊಟ್ಟೆ ಅಂದರೆ ಏನು ಅಂತ ಗೊತ್ತಿತ್ತು. ನಾನು ಯಾರಿಗೂ ಎರಡನೇ ಸಲ ವಿವರಿಸಬೇಕಾಗಲಿಲ್ಲ. ಒಬ್ಬರ ಅಕ್ಕರೆ ಅವರ ಡ್ಯೂಟಿಯ ಜೊತೆಗೇ ಮುಗಿಯದೆ ಮುಂದಿನವರಿಗೂ ದಾಟುವುದನ್ನು ನಾನು ಕಣ್ಣಾರೆ ಕಂಡೆ. ಹಾಗಾಗಿ ಯಾರೋ ಒಬ್ಬ 'ಒಳ್ಳೆ ಸಿಸ್ಟರ್' ಹೆಸರು ಹೇಳಿ ಸುಮ್ನೆ ಬರಲು ಮನಸ್ಸು ಒಪ್ಪಲಿಲ್ಲ.

ಪತ್ರದಲ್ಲಿ 'ಎಲ್ಲರೂ ಚೆನ್ನಾಗಿ ನೋಡಿಕೊಂಡರು' ಎಂದು ಬರೆಯಲಿಲ್ಲ. ಆ ಸಾಲು ಯಾವ ಆಸ್ಪತ್ರೆಗೂ ಹೊಂದುತ್ತದೆ. ಯಾವ ಪಾಳಿಯಲ್ಲಿ ಯಾರು ಏನು ಮಾಡಿದರು, ಅದರಿಂದ ಅಪ್ಪಯ್ಯನಿಗೆ ಏನಾಯಿತು ಎಂದು ಬರೆದೆ. ಬೆನ್ನಿಗೆ ಒಂದು ಹುಣ್ಣೂ ಆಗದೆ ಮನೆಗೆ ಬಂದರು, ಅದನ್ನೂ ಬರೆದೆ. ಹೆಸರು ಹಾಕಬಹುದಾ ಎಂದು ಒಬ್ಬೊಬ್ಬರನ್ನೂ ಮೊದಲೇ ಕೇಳಿದ್ದೆ. ಆಯಾ, ನೆಲ ಒರೆಸುವವರು, ರಾತ್ರಿಯ ಬ್ರದರ್ ಇವರನ್ನು ಬಿಡಲಿಲ್ಲ. ಗುತ್ತಿಗೆಯ ಮೇಲೆ ದುಡಿಯುವವರ ಹೆಸರು ಮೇಲಿನವರೆಗೆ ಹೋಗುವುದೇ ಅಪರೂಪ. ದುಡ್ಡು ಕೊಡಲಿಲ್ಲ. ಅದು ಅವರನ್ನೇ ಪೇಚಿಗೆ ಸಿಲುಕಿಸುತ್ತದೆ.

ಮೇ 12ಕ್ಕೆ ನರ್ಸ್‌ಗಳ ದಿನ ಬರುತ್ತದೆ, ಆಗ ಹೂವು ಕೊಡೋಣ ಎಂದು ಮನೆಯಲ್ಲಿ ಹೇಳಿದರು. ನಾನು ಕಾಯಲಿಲ್ಲ. ನೆನಪು ಹಸಿಯಾಗಿದ್ದಾಗಲೇ ಬರೆದರೆ ವಿವರ ಸರಿಯಾಗಿರುತ್ತದೆ. ಡಿಸ್ಚಾರ್ಜ್ ಆದ ದಿನವೇ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರ ಕೈಗೆ ಪತ್ರ ಕೊಟ್ಟು, ಡ್ಯೂಟಿ ಬದಲಾಗುವ ಹೊತ್ತಿಗೆ ಎಲ್ಲರೆದುರು ಓದಿ ಎಂದು ಕೇಳಿಕೊಂಡೆ.

ಕೊನೆಯಲ್ಲಿ ಒಂದು ಬೇಡಿಕೆಯನ್ನೂ ಸೇರಿಸಿದ್ದೆ. ರಾತ್ರಿ ಪಾಳಿಗೆ ಇನ್ನೊಬ್ಬರು ಬೇಕು, ಇರುವವರಿಗೆ ಕೂರಲೂ ಪುರುಸೊತ್ತಿಲ್ಲ ಎಂದು. ಸೂಪರಿಂಟೆಂಡೆಂಟ್ ಮೇಡಂ ಆ ಸಾಲನ್ನು ಎರಡು ಸಲ ಓದಿದರು. ರೋಗಿಯ ಕಡೆಯವರೇ ಬರೆದುಕೊಟ್ಟರೆ ಮೇಲೆ ಕೇಳಲು ನಮಗೂ ಅನುಕೂಲ, ಇನ್ನೊಂದು ಪ್ರತಿ ಕೊಡ್ತೀರಾ ಎಂದರು. ಹೊರಗಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿ, ಸಹಿ ಹಾಕಿ, ಫೋನ್ ನಂಬರ್ ಬರೆದು ಕೊಟ್ಟು ಬಂದೆ.